ಕ್ಯಾಬಿನೆಟ್ ಇಲ್ಲದ, ಸದ್ದು ಮಾಡದ ಸಣ್ಣ ಡೆಸ್ಕ್‌ಟಾಪ್: ವಿಜಯಪುರದ ಬಿಸಿಲು-ಧೂಳಿನಲ್ಲಿ ನನ್ನ ಅನುಭವ

ಕಂಪ್ಯೂಟರಿನ ಕ್ಯಾಬಿನೆಟ್, ಅಂದರೆ ಹೊರಪೆಟ್ಟಿಗೆ, ತೆಗೆದರೆ ಪ್ರೊಸೆಸರ್ ತಂಪಾಗುವುದು ನಿಜ. ಆದರೆ ಕ್ಯಾಬಿನೆಟ್ ಜೊತೆಗೆ ಅದರ ಫ್ಯಾನುಗಳೂ ಹೋಗುತ್ತವೆ. ಎತ್ತರದ ಟವರ್ ಕೂಲರ್ ಕೂರಿಸಿದರೆ ಗಾಳಿ ಮದರ್‌ಬೋರ್ಡಿನ ಮೇಲಿಂದ ಹಾದುಹೋಗುತ್ತದೆಯೇ ಹೊರತು ಪ್ರೊಸೆಸರಿಗೆ ಕರೆಂಟ್ ಹದಮಾಡಿ ಕೊಡುವ ವೋಲ್ಟೇಜ್ ರೆಗ್ಯುಲೇಟರ್, ರ‍್ಯಾಮ್, ಬೋರ್ಡಿಗೇ ಸಿಕ್ಕಿಸುವ ಎಂ.2 ಎಸ್‌ಎಸ್‌ಡಿಗೆ ತಾಗುವುದಿಲ್ಲ. ದೊಡ್ಡ ಫೈಲ್ ಕಾಪಿ ಮಾಡುವಾಗ ಎಸ್‌ಎಸ್‌ಡಿ ಕಾದು ನಿಧಾನವಾಗುವುದು ಇದರಿಂದಲೇ. ಹಾಗಾಗಿ ತೆರೆದ ಬೋರ್ಡಿಗೆ ಬೋರ್ಡಿನ ಕಡೆಗೇ ಗಾಳಿ ಊದುವ ಚಪ್ಪಟೆ ಕೂಲರೇ ಸರಿ.

ನಾನು ಹಾಕಿದ್ದು ರೈಜನ್ 5 5600ಜಿ. ಗ್ರಾಫಿಕ್ಸ್ ಪ್ರೊಸೆಸರಿನಲ್ಲೇ ಇರುವುದರಿಂದ ಬೇರೆ ಕಾರ್ಡೂ ಬೇಡ, ಅದರ ಫ್ಯಾನೂ ಬೇಡ. ಬೋರ್ಡ್ ಮಿನಿ-ಐಟಿಎಕ್ಸ್, 170 ಮಿ.ಮೀ. ಚೌಕ. ಕೂಲರ್ 70 ಮಿ.ಮೀ. ಎತ್ತರದ ನಾಕ್ಟುವಾ ಎನ್‌ಎಚ್-ಎಲ್12ಎಸ್, 120 ಮಿ.ಮೀ. ಫ್ಯಾನಿನದು. ರ‍್ಯಾಮ್ ಮೇಲೆ ಎತ್ತರದ ತಗಡಿನ ಕವಚ ಇರಬಾರದು, ಕೂಲರಿಗೆ ಅಡ್ಡ ಬರುತ್ತದೆ. ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಡಬ್ಬಿ) 450 ವ್ಯಾಟಿನದು, ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಗಾತ್ರದ್ದು, ಅಳತೆ 125 × 100 × 63.5 ಮಿ.ಮೀ. ಈ ಯಂತ್ರಕ್ಕೆ ಇಷ್ಟು ವ್ಯಾಟ್ ಬೇಕಾಗಿಲ್ಲ. ಲೋಡ್ ಕಡಿಮೆ ಇದ್ದಾಗ ಫ್ಯಾನ್ ತಿರುಗಿಸದ ಮಾದರಿ ಸಿಕ್ಕಿತೆಂದು ತಗೊಂಡೆ.

ಚೌಕಟ್ಟಿಗೆ 12 ಮಿ.ಮೀ. ಪ್ಲೈವುಡ್ಡಿನ 240 ಮಿ.ಮೀ. ಚೌಕದ ಹಲಗೆ ನೆಟ್ಟಗೆ ನಿಲ್ಲುತ್ತದೆ, ಕೆಳಗೆ 18 ಮಿ.ಮೀ. ದಪ್ಪದ 240 × 200 ಅಡಿಹಲಗೆ. ಒಂದು ಮುಖಕ್ಕೆ ಬೋರ್ಡ್, ಹಿಂದಿನ ಮುಖಕ್ಕೆ ಎಲ್ ಪಟ್ಟಿಯಲ್ಲಿ ಎಸ್‌ಎಂಪಿಎಸ್. ಅದರ ಫ್ಯಾನ್ ಹೊರಮುಖವಾಗಿರಬೇಕು. ಹಲಗೆಗೆ ಅಂಟಿಸಿದರೆ ಉಸಿರು ಕಟ್ಟುತ್ತದೆ. ತೂತುಗಳ ಅಳತೆಯನ್ನು ಸ್ಕೇಲಿನಲ್ಲಿ ಹಿಡಿಯುವುದಕ್ಕಿಂತ ಬೋರ್ಡನ್ನೇ ಹಲಗೆಯ ಮೇಲಿಟ್ಟು ನಾಲ್ಕೂ ತೂತಿನಲ್ಲಿ ಪೆನ್ಸಿಲ್ ಗುರುತು ಹಾಕುವುದು ಲೇಸು. ಡ್ರಿಲ್ ಬಿಟ್ 3.5 ಮಿ.ಮೀ. ಇರಲಿ. ಎಂ3 ಬೋಲ್ಟಿಗೆ ಅರ್ಧ ಮಿ.ಮೀ. ಸಡಿಲು ಸಿಕ್ಕರೆ ಬೋರ್ಡ್ ಬಾಗುವುದಿಲ್ಲ.

ಬೋಲ್ಟಿನ ಉದ್ದದಲ್ಲಿ ಲೆಕ್ಕ ತಪ್ಪುವುದು ಸುಲಭ. ಬೋರ್ಡನ್ನು ಹಲಗೆಯಿಂದ ಎತ್ತಿಹಿಡಿಯುವ, ಎರಡೂ ತುದಿಯಲ್ಲಿ ಒಳಗೆ ಸ್ಕ್ರೂ ಮರೆ ಇರುವ 10 ಮಿ.ಮೀ. ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗೆ ಹಿಂದಿನಿಂದ 16 ಮಿ.ಮೀ. ಬೋಲ್ಟ್ ಹಾಕಿದರೆ ಪ್ಲೈ ದಾಟಿ 4 ಮಿ.ಮೀ. ಒಳಗೆ ಹೋಗುತ್ತದೆ. ಮುಂದಿನಿಂದ 6 ಮಿ.ಮೀ. ಸ್ಕ್ರೂ ಬೋರ್ಡಿನ ದಪ್ಪ ಕಳೆದು ಸುಮಾರು 4.4 ಮಿ.ಮೀ. ಇಳಿಯುತ್ತದೆ. ಹಿಂದೆ 20 ಮಿ.ಮೀ. ಹಾಕಿದಿರೋ, ಎರಡೂ ಒಳಗೆ ಡಿಕ್ಕಿ ಹೊಡೆಯುತ್ತವೆ. ಮುಂದಿನ ಸ್ಕ್ರೂ ಬಿಗಿಯಾದಂತೆ ಕೈಗೆ ಅನಿಸುತ್ತದೆ, ಬೋರ್ಡ್ ಮಾತ್ರ ಅಲ್ಲಾಡುತ್ತಲೇ ಇರುತ್ತದೆ. ಬೋರ್ಡಿಗೆ ಕರೆಂಟ್ ತರುವ 24 ಪಿನ್ನಿನ ಕೇಬಲ್ಲಿಗೆ ಹಲಗೆಯಲ್ಲಿ 40 ಮಿ.ಮೀ. ತೂತು, ಪ್ರೊಸೆಸರಿನ 8 ಪಿನ್ನಿನ ಕೇಬಲ್ಲಿಗೆ ಮೇಲಿನ ಅಂಚಿನ ಹತ್ತಿರ ಇನ್ನೊಂದು. ಎಸ್‌ಎಫ್‌ಎಕ್ಸ್ ಕೇಬಲ್‌ಗಳು ಮೊದಲೇ ಗಿಡ್ಡ, ಸುತ್ತು ಹಾಕಿ ತರಲು ಸಾಲುವುದಿಲ್ಲ. ಅಡಿಹಲಗೆಗೆ ನಾಲ್ಕು ಮೆತ್ತನೆಯ ರಬ್ಬರ್ ಬುಷ್ ಬೇಕೇ ಬೇಕು. ಇಲ್ಲದಿದ್ದರೆ ಫ್ಯಾನಿನ ನಡುಕಕ್ಕೆ ಟೇಬಲ್ಲೇ ತಂಬೂರಿಯಾಗುತ್ತದೆ.

ಆನ್ ಮಾಡಲು ಕಾಲಿಂಗ್ ಬೆಲ್ಲಿನ ಒತ್ತುಗುಂಡಿ ಸಾಕು. ಅದರ ಎರಡು ತಂತಿ ಬೋರ್ಡಿನ ಪವರ್ ಸ್ವಿಚ್ ಪಿನ್ನುಗಳಿಗೆ, ಹಿಂದು ಮುಂದಾದರೂ ನಡೆಯುತ್ತದೆ. ಒತ್ತಿದರೆ ಅಲ್ಲೇ ಕೂತುಬಿಡುವ ಲೈಟಿನ ಸ್ವಿಚ್ ಮಾತ್ರ ಬೇಡ. ನಾಲ್ಕು ಸೆಕೆಂಡು ಒತ್ತಿಹಿಡಿದಂತಾಗಿ ಯಂತ್ರ ತಾನೇ ಬಂದ್ ಆಗುತ್ತದೆ, ನೀವು ಎಸ್‌ಎಂಪಿಎಸ್ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಸದ್ದು ನಿಜವಾಗಿ ಇಳಿಯುವುದು ಬಯಾಸ್‌ನಲ್ಲಿ, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪರದೆಯಲ್ಲಿ. 65 ವ್ಯಾಟ್ ಎಂದು ಗುರುತಿಸಿರುವ ಈ ಪ್ರೊಸೆಸರ್ ಜೋರು ಕೆಲಸದಲ್ಲಿ 88 ವ್ಯಾಟ್ ತನಕ ಎಳೆಯುತ್ತದೆ. ಕಡಿಮೆ ಕರೆಂಟ್ ಎಳೆಯುವ 45 ವ್ಯಾಟಿನ ಇಕೋ ಮೋಡಿಗೆ ಇಳಿಸಿದರೆ 60 ವ್ಯಾಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ; ಬರವಣಿಗೆ, ಬ್ರೌಸರ್, ಟ್ಯಾಲಿಯಂಥ ಕೆಲಸದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಲೆಕ್ಕ, ನಾನಿಟ್ಟಿರುವುದು ಹೀಗೆ: 65 ಡಿಗ್ರಿ ತನಕ 30 ಶೇಕಡಾ, 75ಕ್ಕೆ 50, 85ಕ್ಕೆ 80. ಈ ಚಿಪ್ಪಿನ ಮಿತಿ 95 ಡಿಗ್ರಿ. 22 ಡಿಗ್ರಿಯ ತಂಪು ಕೋಣೆಯಲ್ಲಿ ಕೂತವರ ಕರ್ವನ್ನು ನಮ್ಮ ಏಪ್ರಿಲ್-ಮೇಗೆ ನಕಲು ಮಾಡಿದರೆ ಕೆಲಸಕ್ಕೆ ಬಾರದು. ಕೋಣೆಯೇ 40 ಇದ್ದರೆ ಆ ಹೆಚ್ಚುವರಿ 18 ಡಿಗ್ರಿ ನೇರ ಪ್ರೊಸೆಸರಿಗೆ ಕೂಡುತ್ತದೆ, ಫ್ಯಾನ್ ಇಡೀ ದಿನ ಕಿರುಚುತ್ತದೆ. ವೇಗ ಬದಲಾಗುವ ಮುನ್ನ ಮೂರ್ನಾಲ್ಕು ಸೆಕೆಂಡು ಕಾಯುವಂತೆ ಹೊಂದಿಸಿ, ಇಲ್ಲದಿದ್ದರೆ ಪ್ರತಿ ಕ್ಲಿಕ್ಕಿಗೂ ಫ್ಯಾನ್ ಏರಿಳಿಯುತ್ತದೆ. ಒಂದೇ ಸಮನೆ ಬರುವ ಸಣ್ಣ ಸದ್ದಿಗಿಂತ ಏರಿಳಿಯುವ ಸದ್ದೇ ಹೆಚ್ಚು ಕಾಡುವುದು. ಕ್ಯಾಬಿನೆಟ್ ಇಲ್ಲದಾಗ ಬೋರ್ಡ್, ಎಸ್‌ಎಂಪಿಎಸ್ ಒಳಗಿನ ಕಾಯಿಲ್‌ಗಳ (ತಂತಿಸುರುಳಿಗಳ) ಚೀಂ ಎನ್ನುವ ಸದ್ದೂ ಕಿವಿಗೆ ಬೀಳಬಹುದು; ಫ್ಯಾನ್ ಬದಲಿಸಿ ಅದನ್ನು ಅಡಗಿಸಲಾಗದು. (ಸೀಲಿಂಗ್ ಫ್ಯಾನ್ ಹಚ್ಚಿದ ಮೇಲೆ ಇದ್ಯಾವುದೂ ಕೇಳಿಸುವುದಿಲ್ಲ, ಅದು ಬೇರೆ ಮಾತು.)

ಬೋರ್ಡ್ ನೆಟ್ಟಗೆ ನಿಲ್ಲಿಸಿದ್ದು ಧೂಳಿಗಾಗಿ. ಮಣ್ಣಿನ ಚಾವಣಿಯ ಮಾಳಿಗೆ ಮನೆಯಾದರೆ ಮೇಲಿಂದ ಮಣ್ಣು ಉದುರುತ್ತಲೇ ಇರುತ್ತದೆ, ಮಲಗಿಸಿಟ್ಟ ಬೋರ್ಡ್ ಅದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಏರ್ ಕೂಲರಿನ ಎದುರಿಗಂತೂ ಇಡಲೇಬಾರದು. ಬೋರಿನ ಗಡಸು ನೀರಿನ ಹನಿ ಹಾರಿ ಬಂದರೆ ಪಿನ್ನುಗಳ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಹಲ್ಲಿಗಳಿಗೆ ಬೆಚ್ಚಗಿನ ಜಾಗವೆಂದರೆ ಪ್ರೀತಿ, ಎರಡು ಪಿನ್ನಿನ ನಡುವೆ ಸಿಕ್ಕಿಬಿದ್ದರೆ ಹಲ್ಲಿಯೂ ಹೋಯಿತು, ಬೋರ್ಡೂ ಹೋಯಿತು. ಕಿಟಕಿಗೆ ಬಡಿಯುವ ಫೈಬರ್ ಸೊಳ್ಳೆ ಜಾಳಿಗೆಯನ್ನು ಚೌಕಟ್ಟಿಗೆ ಕಟ್ಟಿ ನಾಲ್ಕೂ ಕಡೆ ಮುಚ್ಚಿ, ಫ್ಯಾನಿನಿಂದ 30 ಮಿ.ಮೀ. ದೂರ ಬಿಡಿ, ಹತ್ತಿರವಾದರೆ ಗಾಳಿ ಸೀಳಿ ಗುಂಯ್ ಅನ್ನುತ್ತದೆ. ಅಲ್ಯುಮಿನಿಯಂ ಜಾಳಿಗೆ ಬೇಡ, ಅದರ ಒಂದು ಎಳೆ ಕಳಚಿ ಬಿದ್ದರೂ ಶಾರ್ಟ್. ಒರೆಸಲು ಒಣ ಪೇಂಟ್ ಬ್ರಷ್ ಸಾಕು, ಆಗ ಫ್ಯಾನನ್ನು ಬೆರಳಿನಿಂದ ಹಿಡಿದಿರಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ನೀರು, ಎಣ್ಣೆ ಎರಡೂ ಇರಬಹುದು.

ಕೊನೆಗೆ ಅರ್ಥಿಂಗ್. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅರ್ಥಿನ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಆಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಅದರ ಮೈಮೇಲೆ ಮೇನ್ಸ್‌ನ ಅರ್ಧದಷ್ಟು, ಅಂದರೆ 110 ವೋಲ್ಟಿನ ಆಸುಪಾಸು ನಿಲ್ಲುತ್ತದೆ. ಕರೆಂಟ್ ತೀರ ಅತ್ಯಲ್ಪವಾದರೂ ಮುಟ್ಟಿದರೆ ಜುಂ ಅನ್ನುತ್ತದೆ, ಪೆನ್‌ಡ್ರೈವ್, ಎಚ್‌ಡಿಎಂಐ ಪೋರ್ಟ್‌ಗಳಿಗೂ ಒಳ್ಳೆಯದಲ್ಲ. ತೆರೆದ ಯಂತ್ರದಲ್ಲಿ ಕೈ ಲೋಹಕ್ಕೆ ತಾಗುವುದು ಹೆಚ್ಚು. ಎಲೆಕ್ಟ್ರಿಷಿಯನ್ ಕರೆಸಿ, ಫೇಸ್ ಮತ್ತು ಅರ್ಥ್ ನಡುವೆ ಬಲ್ಬ್ ಹಚ್ಚಿ ನೋಡಿಸಿ. ಉರಿಯದಿದ್ದರೆ, ಇಲ್ಲವೇ ಮಂಕಾಗಿ ಉರಿದರೆ ಅರ್ಥ್ ಸರಿಯಿಲ್ಲ ಎಂದೇ ತಿಳಿಯಿರಿ; ಮಂಕಾಗಿದ್ದರೆ ಅರ್ಥ್ ಗುಂಡಿ ಒಣಗಿರಲೂಬಹುದು. ಅದು ಸರಿಯಾಗುವ ತನಕ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಹಾಕಿ ನಡೆಸಬೇಡಿ.