ಅಮೆರಿಕದ ಕಾಲೇಜು ಸೀಟಿನ ಬಗ್ಗೆ ಕೊಡಗಿನಲ್ಲಿ ಚರ್ಚೆ ನಡೆಸುವ ಬಗೆ

ವಿರಾಜಪೇಟೆ ಕಡೆ ಪದವಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವವಳು ನಾನು. ನಮ್ಮಲ್ಲಿ ಮುಕ್ತ ಚರ್ಚೆ ಕಷ್ಟ. ಮಕ್ಕಳಿಗೆ ಮಾತು ಬರುವುದಿಲ್ಲ ಅಂತಲ್ಲ. ಎಲ್ಲರಿಗೂ ಎಲ್ಲರೂ ಗೊತ್ತು, ಅದೇ ತೊಡಕು. ಎದುರು ವಾದಿಸಬೇಕಾದ ಹುಡುಗನ ದೊಡ್ಡಪ್ಪನ ತೋಟದಲ್ಲೇ ಒಬ್ಬಳ ಅಮ್ಮ ಕಾಫಿ ಕೊಯ್ಯುತ್ತಿರುತ್ತಾರೆ. ಮೊದಲ ದಿನವೇ ಜಮ್ಮಾ ಜಮೀನು (ಕೊಡಗಿನ ವಂಶಪಾರಂಪರ್ಯ ಭೂಹಕ್ಕು), ಮೀಸಲಾತಿ ಅಂತ ಶುರು ಮಾಡಿದರೆ ಅರ್ಧ ತರಗತಿ ಬಾಯಿ ಮುಚ್ಚಿ ಕೂರುತ್ತದೆ. ಅದಕ್ಕೇ ಮೊದಲ ಚರ್ಚೆಗೆ ದೂರದ ವಿಷಯ ಆರಿಸಿ. ಅಮೆರಿಕದ ವಿಶ್ವವಿದ್ಯಾಲಯಗಳ ನೀತಿ ಇದಕ್ಕೆ ಚೆನ್ನಾಗಿ ಒದಗುತ್ತದೆ. ಅಲ್ಲಿನ ತೀರ್ಪು, ಕಾನೂನು ಎಲ್ಲ ಓದಲು ಸಿಗುತ್ತವೆ. ಜಗಳವೂ ಇನ್ನೂ ಮುಗಿದಿಲ್ಲ.

ವಿಷಯ ಒಂದೇ ವಾಕ್ಯದಲ್ಲಿರಲಿ. "ಅಮೆರಿಕದ ಶಿಕ್ಷಣ ಸುಧಾರಣೆ" ಅಂತ ಇಟ್ಟರೆ ಎಲ್ಲರೂ ಭಾಷಣ ಬಿಗಿಯುತ್ತಾರೆ, ಯಾರೂ ವಾದಿಸುವುದಿಲ್ಲ. ನನ್ನ ಆಯ್ಕೆ ಇದು: "ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಸೀಟಿನಲ್ಲಿ ಆದ್ಯತೆ ಕೊಡುವುದನ್ನು ಕಾನೂನು ತಂದು ನಿಲ್ಲಿಸಬೇಕು." ಅಲ್ಲಿ ಇದನ್ನು ಲೆಗಸಿ ಅಡ್ಮಿಷನ್ ಅನ್ನುತ್ತಾರೆ. ಒಕ್ಕ (ಮನೆತನ), ಐನ್‌ಮನೆ (ಅದರ ಮೂಲ ಮನೆ) ನೋಡುತ್ತಾ ಬೆಳೆದ ಮಕ್ಕಳಿಗೆ ಮನೆತನದ ಹಕ್ಕು ಅಂದರೇನು ಅಂತ ನಾವು ವಿವರಿಸಬೇಕಿಲ್ಲ.

ಎರಡೂ ಕಡೆಯವರಿಗೆ ಒಂದೇ ಮಾಹಿತಿ ಹಾಳೆ ಕೊಡಿ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್, ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ, ಜನಾಂಗ ನೋಡಿ ಪ್ರವೇಶ ಕೊಡುವ ಪದ್ಧತಿಯನ್ನು ತಳ್ಳಿಹಾಕಿತು. ಆಗ ಲೆಗಸಿ ಪ್ರಶ್ನೆ ಜೋರಾಯಿತು. ಜನಾಂಗ ನೋಡಬಾರದು ಅಂದಮೇಲೆ ಅಪ್ಪನ ಡಿಗ್ರಿ ಯಾಕೆ ನೋಡಬೇಕು? ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿ ಅದನ್ನು ನೋಡುವುದೇ ಇಲ್ಲ. ಆಮ್‌ಹರ್ಸ್ಟ್ ಕಾಲೇಜು 2021ರಲ್ಲಿ ಕೈಬಿಟ್ಟಿತು. ಅದೇ ವರ್ಷ ಕೊಲರಾಡೊ ರಾಜ್ಯ ತನ್ನ ಸರ್ಕಾರಿ ಕಾಲೇಜುಗಳಲ್ಲಿ ನಿಷೇಧಿಸಿತು. ಕ್ಯಾಲಿಫೋರ್ನಿಯಾ 2024ರಲ್ಲಿ, ರಾಜ್ಯದ ವಿದ್ಯಾರ್ಥಿವೇತನದ ಹಣ ಪಡೆಯುವ ಖಾಸಗಿ ವಿಶ್ವವಿದ್ಯಾಲಯಗಳಿಗೂ ಕಾನೂನು ಮಾಡಿತು. ಅಲ್ಲಿನ ಖಾಸಗಿ ವಿಶ್ವವಿದ್ಯಾಲಯ ಸ್ಟ್ಯಾನ್‌ಫರ್ಡ್ ಏನು ಮಾಡಿತು ಗೊತ್ತಾ? ಲೆಗಸಿ ಬಿಡಲಿಲ್ಲ. ರಾಜ್ಯದ ವಿದ್ಯಾರ್ಥಿವೇತನದ ಹಣವನ್ನೇ ಬಿಟ್ಟಿತು. ಇದೊಂದನ್ನು ಹೇಳಿದರೆ ಸಾಕು, ಹಿಂದಿನ ಬೆಂಚು ಎದ್ದು ಕೂರುತ್ತದೆ.

ವಿರೋಧದ ಕಡೆಯವರಿಗೂ ಗಟ್ಟಿ ವಾದ ಹುಡುಕಿ ಕೊಡಿ. ಇದು ನಿಮ್ಮ ಕೆಲಸ. ಹಳೆ ವಿದ್ಯಾರ್ಥಿಗಳು ಕೊಡುವ ದೇಣಿಗೆಯಿಂದ ಬಡ ಮಕ್ಕಳ ಫೀಸು ಕಟ್ಟುತ್ತೇವೆ ಎನ್ನುವುದು ಒಂದು ವಾದ. ಇನ್ನೊಂದು ನನ್ನನ್ನೂ ಯೋಚನೆಗೆ ಹಚ್ಚಿತು. ತಲೆಮಾರುಗಟ್ಟಲೆ ಹೊರಗಿದ್ದ ಕಪ್ಪು ಜನರ ಮನೆಗಳಲ್ಲಿ ಈಗೀಗ ಹಳೆ ವಿದ್ಯಾರ್ಥಿಗಳು ಇದ್ದಾರೆ. ಅವರ ಮಕ್ಕಳ ಸರದಿ ಬಂದಾಗಲೇ ಬಾಗಿಲು ಹಾಕುವುದಾ? ಆದರೂ ನಾನು ನಿಷೇಧದ ಪರವೇ. ಆದರೆ ಚರ್ಚೆ ಮುಗಿಯುವ ತನಕ ಅದನ್ನು ಮಕ್ಕಳಿಗೆ ಹೇಳುವುದಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ, ಶಿಕಾಗೊ ವಿಶ್ವವಿದ್ಯಾಲಯದ ಕ್ಯಾಲ್ವೆನ್ ಸಮಿತಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಟೀಕೆ ಮಾಡುವುದು ಅಧ್ಯಾಪಕರ, ವಿದ್ಯಾರ್ಥಿಗಳ ಕೆಲಸ. ಸಂಸ್ಥೆ ಪಕ್ಷ ಹಿಡಿದರೆ ಒಪ್ಪದವರಿಗೆ ಜಾಗ ಇರುವುದಿಲ್ಲ. ಸಂಘಟಕರಿಗೂ ಈ ಮಾತು ಸಲ್ಲುತ್ತದೆ.

ಯಾರು ಯಾವ ಕಡೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಆಮೇಲೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ಮಾತಾಡುವವರು ಮೊದಲು ಎದುರಾಳಿಯ ವಾದವನ್ನು ಹೇಳಬೇಕು. ಎದುರಾಳಿ "ಹೌದು, ನಾನು ಹೇಳಿದ್ದು ಇದೇ" ಅಂದ ಮೇಲೆ ತಮ್ಮ ವಾದ. ಶುರುವಿನಲ್ಲಿ ತಡವರಿಸುತ್ತಾರೆ, ಬಿಡಿ. ಸಮಯ ಕೊಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಯಾವುದರಲ್ಲಿ ಬೇಕಾದರೂ ಮಾತಾಡಲಿ, ಪಕ್ಕದಲ್ಲಿ ಕೂತವರು ಕನ್ನಡದಲ್ಲಿ ಸಾರ ಹೇಳಲಿ. ಭಾಷೆಗೆ ಹೆದರಿ ಸುಮ್ನೆ ಕೂತವರಲ್ಲೇ ಒಳ್ಳೆ ಪ್ರಶ್ನೆ ಇರುತ್ತದೆ.

ಕೂಗಾಡಿ ಮಾತು ನಿಲ್ಲಿಸಲು ಬಿಡಬೇಡಿ. ಶಿಕಾಗೊದವರೇ 2014ರಲ್ಲಿ ರೂಪಿಸಿದ ತತ್ವಗಳಲ್ಲಿ ಎರಡೂ ಇದೆ: ಮನಸ್ಸಿಗೆ ಒಪ್ಪದ ಮಾತು ಅಂತ ತಡೆಯುವಂತಿಲ್ಲ, ಇನ್ನೊಬ್ಬರ ಮಾತಿಗೆ ಅಡ್ಡಿಪಡಿಸುವಂತೆಯೂ ಇಲ್ಲ. ಬೆದರಿಕೆ, ಕಿರುಕುಳಕ್ಕೆ ಅಲ್ಲೂ ಜಾಗವಿಲ್ಲ. ಮಕ್ಕಳಿಗೆ ಇದನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಕಥೆಯಿಂದ ಹೇಳಿ. 1964ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿಗಳು ಒಂದು ಪೊಲೀಸ್ ಕಾರನ್ನು ಸುತ್ತುವರಿದು ಕೂತರು. ಅದರ ಮೇಲೆ ಹತ್ತಿ ಒಬ್ಬೊಬ್ಬರಾಗಿ ಮಾತಾಡಿದರು. ವಿದ್ಯಾರ್ಥಿ ನಾಯಕ ಮಾರಿಯೋ ಸಾವಿಯೋ ಹತ್ತುವ ಮೊದಲು ಬೂಟು ಬಿಚ್ಚಿಟ್ಟರು, ಕಾರಿಗೆ ಪೆಟ್ಟಾಗಬಾರದು ಅಂತ. ಈ ಒಂದು ವಿವರ ನನಗೆ ತುಂಬಾ ಇಷ್ಟ.

ದಿನ ಆರಿಸುವಾಗ ಜುಲೈ, ಆಗಸ್ಟ್ ಬೇಡ. ಮಳೆಗೆ ಯಾವಾಗ ರಜೆ ಬರುತ್ತದೋ, ಕರೆಂಟು ಹೋಗುತ್ತದೋ ಗೊತ್ತಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳೂ ಬೇಡ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ, ದಸರಾ ಶುರುವಾಗುವ ಮೊದಲು ಸರಿ. ಬೆಳಿಗ್ಗೆಯೇ ಇಡಿ. ಕುಟ್ಟ, ಬಿರುನಾಣಿ ಕಡೆಯ ಮಕ್ಕಳಿಗೆ ಬಸ್ಸಿನ ಚಿಂತೆ ಇದ್ದರೆ ಕಿವಿ ಇಲ್ಲಿರುವುದಿಲ್ಲ.

ಚರ್ಚೆಗೆ ಮೊದಲು, ಆಮೇಲೆ ಹೆಸರಿಲ್ಲದ ಚೀಟಿಯಲ್ಲಿ ಮತ ಹಾಕಿಸಿ. ಗೆದ್ದವರಿಗೆ ಕಪ್ ಕೊಡಬೇಡಿ. ಬದಲಿಗೆ ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸಿ, ಇಬ್ಬರೂ ಒಪ್ಪುವ ಅರ್ಧ ಪುಟದ ಕಾನೂನು ಕರಡು ಬರೆಸಿ. ಯಾರಿಗೆ ಅನ್ವಯ, ಯಾವಾಗಿನಿಂದ, ಮೀರಿದರೆ ಏನು ಅಂತ ಸ್ಪಷ್ಟವಾಗಿರಲಿ. ಕರಡು ಕೈಗೆ ಬಂದ ಮೇಲೆ ಮುಂದಿನ ತಿಂಗಳ ವಿಷಯ ಪ್ರಕಟಿಸಿ: ನಮ್ಮ ಖಾಸಗಿ ಕಾಲೇಜುಗಳ ಮ್ಯಾನೇಜ್‌ಮೆಂಟ್ ಸೀಟು ಯಾರಿಗೆ ಹೋಗಬೇಕು?