ಕಷಾಯ ಎಲ್ಲಿಯವರೆಗೆ, ವೈದ್ಯರು ಯಾವಾಗ

ಮಂಡ್ಯದ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನೆಗಡಿಗೆ ಮೆಣಸಿನ ಕಷಾಯ, ಕೆಮ್ಮಿಗೆ ದೊಡ್ಡಪತ್ರೆ ರಸ, ಹೊಟ್ಟೆಯುಬ್ಬರಕ್ಕೆ ಓಮದ ನೀರು ಮಾಡಿಕೊಡುತ್ತ ಬಂದಿದ್ದೇನೆ, ಅವುಗಳ ಮೇಲೆ ಇಂದಿಗೂ ನನಗೆ ನಂಬಿಕೆಯಿದೆ. ಆದರೆ ಕಷಾಯ ಕೊಟ್ಟವರು ಅಷ್ಟಕ್ಕೇ ಕೈ ತೊಳೆದುಕೊಳ್ಳದೆ, ಕಾಯಿಲೆ ಯಾವ ಕಡೆಗೆ ತಿರುಗುತ್ತಿದೆಯೆಂದು ಹಗಲಿರುಳು ಗಮನಿಸಬೇಕು.

ಜ್ವರವನ್ನೇ ತೆಗೆದುಕೊಳ್ಳಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ನಾನು ಜ್ವರ ಶುರುವಾದ ದಿನ, ಥರ್ಮಾಮೀಟರು ತೋರಿಸಿದ ಅಂಕಿ, ಮಾತ್ರೆ ಕೊಟ್ಟ ಗಂಟೆ, ಮೂತ್ರ ಹೋಯಿತೋ ಇಲ್ಲವೋ ಎಂಬುದನ್ನು ಬರೆದಿಡುತ್ತೇನೆ. ವೈದ್ಯರು ಕೇಳಿದಾಗ "ನಾಲ್ಕೈದು ದಿನ ಆಯ್ತು" ಎಂದುಬಿಡುತ್ತೇವೆ. ಆದರೆ ಡೆಂಗಿಗೆ ಯಾವ ರಕ್ತಪರೀಕ್ಷೆ ಮಾಡಿಸಬೇಕೆಂಬುದು ಜ್ವರದ ಎಷ್ಟನೆಯ ದಿನವೆಂಬುದನ್ನು ಅವಲಂಬಿಸಿರುತ್ತದೆ. ಅಲ್ಲದೆ ಡೆಂಗಿಯಲ್ಲಿ 3ರಿಂದ 7ನೆಯ ದಿನದೊಳಗೆ ಜ್ವರ ಇಳಿಯುತ್ತದೆ, ಮನೆಯವರು ಉಸ್ಸೆಂದು ನಿಟ್ಟುಸಿರು ಬಿಡುತ್ತಾರೆ, ಆದರೆ ಅಪಾಯದ ಹೊತ್ತು ಅಲ್ಲಿಂದ ಮುಂದಿನ ಒಂದೆರಡು ದಿನಗಳೇ ಆಗಿರುತ್ತವೆ. ಮೈ ತಣ್ಣಗಾದರೂ ಹೊಟ್ಟೆನೋವು ಹೆಚ್ಚಿದರೆ, ವಾಂತಿ ನಿಲ್ಲದಿದ್ದರೆ, ಒಸಡಿನಲ್ಲಿ ರಕ್ತ ಕಂಡರೆ, ರೋಗಿ ಮಂಕಾಗಿ ಮಲಗಿಬಿಟ್ಟರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಅಂತಹ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಅಂಗಡಿಯಿಂದ ತಂದು ಕೊಡಬೇಡಿ, ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ಯಾವ ಮನೆಮದ್ದೂ ಬೇಡ, ಅಂದೇ ವೈದ್ಯರಿಗೆ ತೋರಿಸಬೇಕು. ಕೆಮ್ಮುವ ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಬಂದರೆ, ಇಲ್ಲವೆ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಅದು ಬರಿಯ ನೆಗಡಿಯಲ್ಲ. ದೊಡ್ಡವರ ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ; ಅದಕ್ಕೆ ಹಣ ಕೊಡಬೇಕಾಗಿಲ್ಲ.

ನಾನೇ ತಪ್ಪಿದ ಒಂದು ಸಂಗತಿಯನ್ನು ಹೇಳಲೇಬೇಕು. ಕಬ್ಬು ಕಡಿದ ಗದ್ದೆಯಲ್ಲಿ ನಮ್ಮ ಯಜಮಾನರ ಕಾಲಿನ ಕಿರುಬೆರಳಿನ ಬುಡಕ್ಕೆ ಕೂಳೆ ಚುಚ್ಚಿತ್ತು. ಅವರಿಗೆ ಸಕ್ಕರೆ ಕಾಯಿಲೆಯಿತ್ತು. "ನೋವೇ ಇಲ್ಲ" ಎಂದರೆಂದು ಅರಿಸಿನ ಹಚ್ಚಿ ಹಳೆಯ ಬಟ್ಟೆ ಸುತ್ತಿ ಸುಮ್ಮನಾದೆ. ಒಂಬತ್ತನೆಯ ದಿನ ಬಿಚ್ಚಲು ಹೋದರೆ ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು, ಒದ್ದೆ ಮಾಡಿ ಎಳೆದಾಗ ಬಂದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಕಿರುಬೆರಳನ್ನು ತೆಗೆಯಲೇಬೇಕಾಯಿತು. ಸಕ್ಕರೆ ಕಾಯಿಲೆಯಲ್ಲಿ ನರಗಳು ಜೋಮುಗಟ್ಟಿ ನೋವು ತಿಳಿಯದೆ ಹೋಗುತ್ತದೆ; ಆದ್ದರಿಂದ ಅಂಥವರ ಕಾಲಿನ ಗಾಯ ಎಷ್ಟೇ ಚಿಕ್ಕದಿದ್ದರೂ ಮೊದಲ ದಿನವೇ ತೋರಿಸಬೇಕು, ಮಣ್ಣು ಸೇರಿದ ಗಾಯವಾದರೆ ಟೆಟನಸ್ ಚುಚ್ಚುಮದ್ದಿನ ಬಗ್ಗೆಯೂ ಕೇಳಬೇಕು. ಈಗ ದಿನವೂ ರಾತ್ರಿ ಟಾರ್ಚು ಹಿಡಿದು ಅವರ ಎರಡೂ ಅಂಗಾಲುಗಳನ್ನು, ಬೆರಳ ಸಂದುಗಳನ್ನು ನೋಡಿಯೇ ಮಲಗುತ್ತೇನೆ.

ಇನ್ನು ಎದೆಯುರಿಯನ್ನು "ಗ್ಯಾಸು" ಎಂದು ಜೀರಿಗೆ ನೀರು, ಸೋಡಾ ಕುಡಿಸಿ ಕೂರಿಸುವುದು ನಮ್ಮ ಕಡೆಯ ದೊಡ್ಡ ಪಿಡುಗು. ಎದೆ ಒತ್ತಿದಂತಾಗಿ ಬೆವರು ಬಂದರೆ, ಹಿಂಸೆ ದವಡೆಗೋ ತೋಳಿಗೋ ಹರಡಿದರೆ, 108ಕ್ಕೆ ಕರೆ ಮಾಡಿ. ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆಗಳಿವೆಯೆಂದು ಕಾರು ಹುಡುಕುತ್ತ ಹೊತ್ತು ಕಳೆಯಬೇಡಿ. ಮೊದಲ ಇಸಿಜಿ ಹತ್ತಿರದಲ್ಲೇ ಆಗಲಿ, ಮುಂದೆಲ್ಲಿಗೆ ಹೋಗಬೇಕೆಂದು ಅದನ್ನು ನೋಡಿದ ವೈದ್ಯರೇ ಹೇಳುತ್ತಾರೆ. ಹೊರಡುವಾಗ ರೋಗಿ ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳನ್ನೂ ಆ ಕ್ಯಾಲೆಂಡರಿನ ಹಾಳೆಯನ್ನೂ ಚೀಲಕ್ಕೆ ಹಾಕಿಕೊಳ್ಳಿ.