ಹಳೆಯ ಸ್ಪಂಜಿನಿಂದ ಹೊಸ ಅಕ್ವೇರಿಯಂ: ಬ್ಯಾಕ್ಟೀರಿಯಾ ಸಾಯದಂತೆ ಸಾಗಿಸುವುದು ಹೇಗೆ?

ಹೊಸ ಅಕ್ವೇರಿಯಂ ತಂದು, ನೀರು ತುಂಬಿ, ಮರುದಿನವೇ ಮೀನು ಬಿಟ್ಟರೆ ಮೊದಲ ಕೆಲವು ವಾರಗಳಲ್ಲಿ ಅವು ಒಂದೊಂದಾಗಿ ಸಾಯುವುದಕ್ಕೆ ಬಹುಪಾಲು ಅಮೋನಿಯಾವೇ ಕಾರಣ. ಅದು ಮೀನಿನ ಕಿವಿರುಗಳಿಂದ ಹೊರಬರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುತ್ತದೆ. ನೆಲೆಗೊಂಡ ಟ್ಯಾಂಕಿನಲ್ಲಿ ಕೆಲವು ಸೂಕ್ಷ್ಮಾಣುಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೋಸ್ಪೈರಾದಂಥ ಬ್ಯಾಕ್ಟೀರಿಯಾಗಳು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಾಯಿಸುತ್ತಿರುತ್ತವೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟಿನ ಅಪಾಯ ಅಷ್ಟಿಲ್ಲ. ನಿಯಮಿತವಾಗಿ ಒಂದಷ್ಟು ನೀರು ಬದಲಿಸಿದರೆ ಅದು ಹತೋಟಿಯಲ್ಲಿರುತ್ತದೆ.

ಈ ಜೀವಿಗಳು ಹೊಸ ಫಿಲ್ಟರಿನಲ್ಲಿ ತಾವಾಗಿಯೇ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುತ್ತದೆ. ಚೆನ್ನಾಗಿ ನಡೆಯುತ್ತಿರುವ ಟ್ಯಾಂಕಿನ ಫಿಲ್ಟರಿನಲ್ಲಿರುವ ಸ್ಪಂಜನ್ನೋ ಸೆರಾಮಿಕ್ ರಿಂಗುಗಳನ್ನೋ ತಂದು ಹಾಕಿದರೆ ಆ ಅವಧಿ ಕೆಲವೇ ದಿನಗಳಿಗೆ ಇಳಿಯಬಹುದು. ಆದರೆ ಅನೇಕರು ಸ್ಪಂಜನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆ ಹಾಕುವ ನಡುವಿನ ಹೊತ್ತಿನಲ್ಲೇ ಅದರಲ್ಲಿರುವ ಬ್ಯಾಕ್ಟೀರಿಯಾಗಳ ಬಹುಭಾಗವನ್ನು ಸಾಯಿಸಿಬಿಡುತ್ತಾರೆ.

ಹಂತ 1: ಹೊಸ ಟ್ಯಾಂಕನ್ನು ಪೂರ್ತಿ ಸಿದ್ಧಪಡಿಸಿ

ಜಲ್ಲಿ ತೊಳೆದು, ನೀರು ತುಂಬಿ, ನೀರಿನ ಕ್ಲೋರಿನ್ ತೆಗೆಯುವ ಆ್ಯಂಟಿ ಕ್ಲೋರಿನ್ ಹಾಕಿ, ಉಷ್ಣಾಂಶವನ್ನು 25 ಡಿಗ್ರಿಯ ಆಸುಪಾಸಿಗೆ ತಂದು, ಫಿಲ್ಟರನ್ನು ಒಂದು ದಿನ ಓಡಿಸಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅಲ್ಲಿಯವರೆಗೆ ಹಳೆಯ ಸ್ಪಂಜನ್ನು ಮುಟ್ಟಬೇಡಿ.

ಹಂತ 2: ಯಾವ ಟ್ಯಾಂಕಿನಿಂದ, ಎಷ್ಟು?

ಕೆಲವು ತಿಂಗಳುಗಳಿಂದ ತೊಂದರೆಯಿಲ್ಲದೆ ನಡೆಯುತ್ತಿರುವ, ಇತ್ತೀಚೆಗೆ ಮೀನು ಸತ್ತಿರದ ಟ್ಯಾಂಕನ್ನು ಆರಿಸಿಕೊಳ್ಳಿ. ಬಿಳಿ ಚುಕ್ಕೆ ರೋಗದ ಪರಾವಲಂಬಿಯೂ ಬಸವನಹುಳುವಿನ ಮೊಟ್ಟೆಗಳೂ ಒದ್ದೆ ಸ್ಪಂಜಿನೊಂದಿಗೆ ಸಾಗಿ ಬರಬಲ್ಲವು. ಆ ಟ್ಯಾಂಕಿಗೆ ಆ್ಯಂಟಿಬಯೋಟಿಕ್ ಅಥವಾ ಮೆಥಿಲೀನ್ ಬ್ಲೂ ಹಾಕಿದ್ದರೆ ಬೇಕಾದ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬಿದ್ದಿರಬಹುದು. ತಾಮ್ರದ ಔಷಧ ಬಳಸಿದ್ದರೆ, ಸೀಗಡಿ ಸಾಕುವ ಟ್ಯಾಂಕಿಗೆ ಅಲ್ಲಿಂದ ಏನನ್ನೂ ತರಬಾರದು. ಸಿಹಿನೀರಿನ ಸ್ಪಂಜು ಸಮುದ್ರದ ಉಪ್ಪುನೀರಿಗೆ ಉಪಯೋಗವಿಲ್ಲ.

ತೆಗೆಯುವ ಪ್ರಮಾಣ ಹಳೆಯ ಫಿಲ್ಟರಿನಲ್ಲಿರುವ ಸ್ಪಂಜು, ರಿಂಗುಗಳ ಮೂರನೇ ಒಂದು ಭಾಗವನ್ನು ಮೀರಬಾರದು. ಬ್ಯಾಕ್ಟೀರಿಯಾಗಳು ತಮಗೆ ಸಿಗುವ ಅಮೋನಿಯಾಕ್ಕೆ ತಕ್ಕಷ್ಟೇ ಬೆಳೆದಿರುತ್ತವೆಯಾದ್ದರಿಂದ, ಅರ್ಧಕ್ಕಿಂತ ಹೆಚ್ಚನ್ನು ಕಿತ್ತು ತಂದರೆ ಹಳೆಯ ಟ್ಯಾಂಕಿನಲ್ಲೇ ಅಮೋನಿಯಾ ಏರುವ ಸಂಭವವಿದೆ. ಒಂದು ವಾರ ಅಲ್ಲಿನ ಮೀನುಗಳಿಗೆ ಆಹಾರವನ್ನು ಸ್ವಲ್ಪ ಕಡಿಮೆ ಮಾಡಿ.

ಇಲ್ಲೊಂದು ಮಾತು. ಹಳೆಯ ಟ್ಯಾಂಕಿನ ನೀರನ್ನು ಬಕೆಟುಗಟ್ಟಲೆ ಹೊತ್ತು ತಂದು ಹೊಸದಕ್ಕೆ ಸುರಿಯುವವರಿದ್ದಾರೆ. ಬ್ಯಾಕ್ಟೀರಿಯಾಗಳು ಮುಖ್ಯವಾಗಿ ಸ್ಪಂಜು, ರಿಂಗು, ಜಲ್ಲಿಗಳ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ನೀರಿನಲ್ಲಿ ತೇಲುವವು ತೀರ ಕಡಿಮೆ. ಆ ಶ್ರಮ ವ್ಯರ್ಥ.

ಹಂತ 3: ತೆಗೆಯುವುದು ಮತ್ತು ಸಾಗಿಸುವುದು

ಎಲ್ಲ ಎಚ್ಚರ ಬೇಕಾಗಿರುವುದು ಈ ಹಂತದಲ್ಲಿ. ಮೊದಲು ಹಳೆಯ ಟ್ಯಾಂಕಿನ ನೀರನ್ನು ಒಂದು ಸ್ವಚ್ಛವಾದ, ಸೋಪು ಸೋಕದ ಬಕೆಟಿಗೆ ತೆಗೆದುಕೊಳ್ಳಿ. ಫಿಲ್ಟರಿನ ಸ್ವಿಚ್ ಆಫ್ ಮಾಡಿ, ಸ್ಪಂಜನ್ನು ಆ ನೀರಿನಲ್ಲಿ ಮುಳುಗಿಸಿ, ಎರಡು ಬಾರಿ ಹಗುರವಾಗಿ ಹಿಂಡಿ. ಮೊದಲ ಹಿಂಡುವಿಕೆಗೆ ದಟ್ಟ ಕಂದು ನೀರು ಹೊರಬರುತ್ತದೆ. ಎರಡನೆಯದಕ್ಕೆ ಅದು ತಿಳಿಯಾಗುತ್ತದೆ, ಸ್ಪಂಜಿನ ರಂಧ್ರಗಳು ಕಣ್ಣಿಗೆ ಕಾಣುತ್ತವೆ, ಆದರೂ ಅವುಗಳ ಅಂಚಿನಲ್ಲಿ ತೆಳ್ಳಗೆ ಕಂದು ಬಣ್ಣ ಉಳಿದಿರುತ್ತದೆ. ಅಲ್ಲಿಗೇ ನಿಲ್ಲಿಸಬೇಕು. ಸ್ಪಂಜಿನ ಮೂಲ ಬಣ್ಣ ಕಾಣುವವರೆಗೆ ಉಜ್ಜುವ ಅಭ್ಯಾಸವನ್ನು ಇಲ್ಲಿ ಸಂಪೂರ್ಣವಾಗಿ ಬಿಡಬೇಕು. ನಲ್ಲಿ ನೀರಿನ ಕೆಳಗೆ ಹಿಡಿಯುವುದಂತೂ ಕೂಡದು, ಏಕೆಂದರೆ ಕುಡಿಯುವ ನೀರಿಗೆ ಕ್ಲೋರಿನ್ ಅಥವಾ ಕ್ಲೋರಮೈನ್ ಬೆರೆಸುವುದೇ ಸೂಕ್ಷ್ಮಾಣುಗಳನ್ನು ಕೊಲ್ಲುವುದಕ್ಕಾಗಿ.

ಈಗ ಮೂಗಿಗೂ ಕೆಲಸ ಕೊಡಿ. ಆರೋಗ್ಯವಾಗಿರುವ ಸ್ಪಂಜು ಮೊದಲ ಮಳೆಗೆ ನೆನೆದ ಮಣ್ಣಿನಂತೆ ವಾಸನೆ ಬರುತ್ತದೆ. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಆಮ್ಲಜನಕವಿಲ್ಲದೆ ಕೊಳೆಯುವಿಕೆ ಶುರುವಾಗಿದೆಯೆಂದು ಅರ್ಥ. ಅಂಥದ್ದನ್ನು ಹೊಸ ಟ್ಯಾಂಕಿಗೆ ಹಾಕಬೇಡಿ.

ನೈಟ್ರೀಕರಣ ಮಾಡುವ, ಅಂದರೆ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿಸುವ ಈ ಬ್ಯಾಕ್ಟೀರಿಯಾಗಳಿಗೆ ತೇವದಷ್ಟೇ ಆಮ್ಲಜನಕವೂ ಅಗತ್ಯ. ಬಹುತೇಕರು ತೇವವನ್ನು ನೆನಪಿಡುತ್ತಾರೆ, ಆಮ್ಲಜನಕವನ್ನು ಮರೆಯುತ್ತಾರೆ. ಸ್ಪಂಜನ್ನು ಬಾಟಲಿ ತುಂಬ ನೀರಿನಲ್ಲಿ ಮುಳುಗಿಸಿ ಬಿಗಿಯಾಗಿ ಮುಚ್ಚಳ ಹಾಕಿದರೆ, ಅದರಲ್ಲಿರುವ ಕೊಳೆಯನ್ನು ತಿನ್ನುವ ಇತರ ಬ್ಯಾಕ್ಟೀರಿಯಾಗಳು ನೀರಿನಲ್ಲಿದ್ದ ಅಲ್ಪ ಆಮ್ಲಜನಕವನ್ನು ಬೇಗನೆ ಮುಗಿಸುತ್ತವೆ. ಅದಕ್ಕಿಂತ, ಅಗಲವಾದ ಡಬ್ಬಿಯ ತಳದಲ್ಲಿ ಟ್ಯಾಂಕಿನ ನೀರನ್ನು ಸ್ವಲ್ಪವೇ ಹಾಕಿ, ಒದ್ದೆ ಸ್ಪಂಜನ್ನು ಅದರಲ್ಲಿಟ್ಟು, ಮೇಲೆ ಸಾಕಷ್ಟು ಗಾಳಿ ಉಳಿಯುವಂತೆ ಸಡಿಲವಾಗಿ ಮುಚ್ಚುವುದು ಎಷ್ಟೋ ಮೇಲು. ಪ್ರಯಾಣ ಒಂದೆರಡು ಗಂಟೆಯದ್ದಾದರೆ ಇಷ್ಟು ಸಾಕು. ಅದಕ್ಕೂ ಹೆಚ್ಚು ಹೊತ್ತು ಇಡಬೇಕಾದರೆ ಟ್ಯಾಂಕಿನ ನೀರಿರುವ ತೆರೆದ ಬಕೆಟಿನಲ್ಲಿ ಸ್ಪಂಜನ್ನು ಇಟ್ಟು, ಏರ್ ಪಂಪಿಗೆ ಜೋಡಿಸಿದ ಏರ್ ಸ್ಟೋನ್ ಹಾಕಿ ಗುಳ್ಳೆಗಳು ನಿರಂತರವಾಗಿ ಬರುವಂತೆ ನೋಡಿಕೊಳ್ಳಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೂ ಫ್ರಿಜ್ಜಿನಲ್ಲೂ ಇಡಬಾರದು.

ಕ್ಯಾನಿಸ್ಟರ್ ಫಿಲ್ಟರನ್ನು (ಟ್ಯಾಂಕಿನ ಹೊರಗಿಡುವ, ಮುಚ್ಚಿದ ಡಬ್ಬಿಯಂಥ ಫಿಲ್ಟರ್) ಹಾಗೆಯೇ ಎತ್ತಿಕೊಂಡು ಬರುವವರು ಒಳಗಿನ ನೀರನ್ನು ಬಸಿದು, ಮುಚ್ಚಳ ತೆರೆದಿಟ್ಟು ತರಬೇಕು. ಮುಚ್ಚಿದ ಸ್ಥಿತಿಯಲ್ಲಿ ಹಲವು ಗಂಟೆ ನಿಂತ ಫಿಲ್ಟರನ್ನು ನೇರವಾಗಿ ಚಾಲೂ ಮಾಡಿದರೆ, ಒಳಗೆ ಕೆಟ್ಟ ನೀರೆಲ್ಲ ಒಮ್ಮೆಲೇ ಟ್ಯಾಂಕಿಗೆ ನುಗ್ಗುತ್ತದೆ.

ಹಂತ 4: ಜೋಡಿಸುವುದು

ಹಳೆಯ ಮೀಡಿಯಾವನ್ನು (ಸ್ಪಂಜು, ರಿಂಗುಗಳನ್ನು) ನೀರು ಹಾದುಹೋಗುವ ದಾರಿಯಲ್ಲೇ, ಹೊಸದಕ್ಕೆ ತಾಗಿಸಿ ಇಡಿ. ಹೊಸ ಫಿಲ್ಟರಿಗೆ ಹೊಂದದಿದ್ದರೆ ಸ್ಪಂಜನ್ನು ಕತ್ತರಿಸಿ ಕೂರಿಸಬಹುದು. ರಿಂಗುಗಳನ್ನು ಜಾಲರಿ ಚೀಲಕ್ಕೆ ತುಂಬಬಹುದು. ಟ್ಯಾಂಕಿನ ಮೂಲೆಯಲ್ಲಿ ಸುಮ್ಮನೆ ತೇಲಿಬಿಟ್ಟರೆ ಅದರ ಮೂಲಕ ನೀರು ಹರಿಯುವುದಿಲ್ಲ, ಕೆಲಸವೂ ನಡೆಯುವುದಿಲ್ಲ. ತಿಂಗಳಿಗೊಮ್ಮೆ ಎಸೆದು ಹೊಸದನ್ನು ಹಾಕಬೇಕೆಂದು ಹೇಳಿ ಮಾರುವ ಕಾರ್ಟ್ರಿಡ್ಜ್ ಮಾದರಿಯ ಫಿಲ್ಟರುಗಳನ್ನು ಕೊಳ್ಳಲೇಬೇಡಿ ಎಂಬುದು ನನ್ನ ದೃಢವಾದ ಸಲಹೆ, ಏಕೆಂದರೆ ಪ್ರತಿ ಸಲವೂ ಬೆಳೆದ ಬ್ಯಾಕ್ಟೀರಿಯಾದ ದೊಡ್ಡ ಪಾಲನ್ನೇ ಕಸದ ಬುಟ್ಟಿಗೆ ಹಾಕಿದಂತಾಗುತ್ತದೆ.

ಹಂತ 5: ಆಹಾರ ಮತ್ತು ಪರೀಕ್ಷೆ

ಬಂದ ಬ್ಯಾಕ್ಟೀರಿಯಾಗಳಿಗೆ ಅಂದಿನಿಂದಲೇ ಅಮೋನಿಯಾ ಬೇಕು. ಮೀನು ಬಿಡುವ ಮೊದಲು ಅಮೋನಿಯಂ ಕ್ಲೋರೈಡ್ ಹಾಕಿ ಲೀಟರಿಗೆ 2 ಮಿಲಿಗ್ರಾಂ ಮಟ್ಟ ತಂದು, 24 ಗಂಟೆಯ ನಂತರ ದ್ರವ ಕಿಟ್ಟಿನಲ್ಲಿ ಪರೀಕ್ಷಿಸುವುದು ಅತ್ಯಂತ ಭದ್ರವಾದ ದಾರಿ. ಸಾಮಾನ್ಯವಾಗಿ ಸಿಗುವ ಅಮೋನಿಯಾ ಕಿಟ್ಟುಗಳಲ್ಲಿ ಶುದ್ಧ ಹಳದಿ ಎಂದರೆ ಸೊನ್ನೆ. ಹಸಿರಿನ ಛಾಯೆ ಇಣುಕಿದರೂ ಅಮೋನಿಯಾ ಉಳಿದಿದೆಯೆಂದೇ ತಿಳಿಯಬೇಕು. ಕೊಳವೆಯನ್ನು ಬಿಳಿ ಕಾಗದದ ಮುಂದೆ ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿದ್ದರೆ ಮೀನು ಬಿಡಬಹುದು. ಇಲ್ಲವಾದರೆ ದಿನವೂ ಪರೀಕ್ಷಿಸುತ್ತ ಕಾಯಿರಿ. ಪಿಎಚ್ 6ರ ಹತ್ತಿರಕ್ಕೆ ಇಳಿದಿದ್ದರೆ ನೈಟ್ರೀಕರಣ ತೀರ ನಿಧಾನವಾಗುತ್ತದೆ ಎಂಬುದೂ ಗಮನದಲ್ಲಿರಲಿ.

ಆಗಲೇ ಮೀನುಗಳು ಕೈಯಲ್ಲಿದ್ದರೆ ಕೆಲವನ್ನು ಮಾತ್ರ ಬಿಟ್ಟು, ಅಮೋನಿಯಾ ಲೀಟರಿಗೆ 0.25 ಮಿಲಿಗ್ರಾಂ ದಾಟಿದ ಕೂಡಲೇ ಮೂರನೇ ಒಂದು ಭಾಗ ನೀರನ್ನು ಕ್ಲೋರಿನ್ ತೆಗೆದ ನೀರಿನಿಂದ ಬದಲಿಸಿ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾಗಳ ಗುಣಮಟ್ಟ ಒಂದೇ ಬಗೆಯಾಗಿರುವುದಿಲ್ಲ. ಜೀವಂತ ಸ್ಪಂಜು ಸಿಕ್ಕಿರುವಾಗ ಅದಕ್ಕೆ ದುಡ್ಡು ಹಾಕುವ ಅಗತ್ಯವಿಲ್ಲ.

ಮೊದಲ 6 ವಾರ ಹಳೆಯ ಸ್ಪಂಜನ್ನು ತೊಳೆಯಬೇಡಿ. ನೀರಿನ ಹರಿವು ಕುಗ್ಗಿದರೆ ಮಾತ್ರ ಟ್ಯಾಂಕಿನ ನೀರಿನಲ್ಲೇ ಒಮ್ಮೆ ಹಿಂಡಿ. ಅದನ್ನು ಹೊರತೆಗೆಯಲೇಬೇಕೆಂದಿದ್ದರೆ ಎರಡು ತಿಂಗಳ ನಂತರ ಅರ್ಧವನ್ನು ತೆಗೆದು, ಒಂದು ವಾರ ಅಮೋನಿಯಾ ಸೊನ್ನೆಯಲ್ಲೇ ನಿಂತಿರುವುದನ್ನು ನೋಡಿಕೊಂಡು ಉಳಿದರ್ಧವನ್ನು ತೆಗೆಯಿರಿ.